ಬಸ್ಸಕ್ಕ ಕೊಂಡ ಮುಚ್ಚಿದ ಟ್ರೇಲರ್

ಇಪ್ಪತ್ತೆರಡು ವರ್ಷ ಒಂದೇ ಶಾಲೆಯ ಬಸ್ಸು ಓಡಿಸಿದ ಹೆಂಗಸಿಗೆ ಊರಿನವರು ಬೇರೆ ಹೆಸರು ಹುಡುಕುವ ಗೋಜಿಗೆ ಹೋಗಲಿಲ್ಲ. ಬಸ್ಸಕ್ಕ ಅಂದರೆ ಸಾಕು, ಮಕ್ಕಳಿಗೂ ಗೊತ್ತು, ಪೊಲೀಸರಿಗೂ ಗೊತ್ತು. ಅವಳ ಗಂಡನ ವಾಚು ರಿಪೇರಿ ಅಂಗಡಿಯನ್ನೂ ಜನ ‘ಬಸ್ಸಕ್ಕನ ಯಜಮಾನರ ಅಂಗಡಿ’ ಅಂತಲೇ ಗುರುತು ಹೇಳುತ್ತಿದ್ದರು. ಅದಕ್ಕೆ ಅವರು ಬೇಸರ ಮಾಡಿಕೊಂಡವರಲ್ಲ. ದಿನವಿಡೀ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸಾಸಿವೆಗಿಂತ ಸಣ್ಣ ಸ್ಕ್ರೂಗಳ ಜೊತೆ ಕೂರುವ ಮನುಷ್ಯ. ಮಾತು ಕಮ್ಮಿ. ಆಡಿದರೂ ಅಳೆದು ತೂಗಿ ಆಡಿದ ಹಾಗಿರುತ್ತಿತ್ತು.

ಬಸ್ಸಕ್ಕನಿಗೆ ಡ್ರೈವಿಂಗ್ ಕಲಿಸಿದ್ದು ಅವಳ ಅಪ್ಪ. ಅವರು ಬ್ರೆಡ್ ಕಾರ್ಖಾನೆಯ ವ್ಯಾನ್ ಓಡಿಸುತ್ತಿದ್ದರು. ರಜಾ ದಿನಗಳಲ್ಲಿ ಮಗಳನ್ನು ಸ್ಟೇರಿಂಗ್ ಹಿಂದೆ ಕೂರಿಸಿ, ಊರೆಲ್ಲ ಸುತ್ತಿಸಿ, ಕೊನೆಗೆ ಹಿಂದಿನ ಬಾಗಿಲು ತೆಗೆದು ನೋಡುತ್ತಿದ್ದರು. ತಟ್ಟೆಯಲ್ಲಿದ್ದ ಬನ್ನುಗಳು ಒಂದು ಮೂಲೆಗೆ ಜಾರಿ ಗುಡ್ಡೆಯಾಗಿದ್ದರೆ ಅಷ್ಟನ್ನೂ ಅವಳೇ ಮತ್ತೆ ಜೋಡಿಸಬೇಕು. ಬೈಗುಳವಿಲ್ಲ, ಪಾಠವಿಲ್ಲ, ಜೋಡಿಸುವುದೊಂದೇ. ಎರಡು ತಿಂಗಳಲ್ಲಿ ಬನ್ನುಗಳು ಜಾಗ ಬಿಟ್ಟು ಕದಲುವುದು ನಿಂತುಹೋಯಿತು. ಮುಂದೆ ಬಸ್ಸಿನಲ್ಲಿ ಕೂತ ಮಕ್ಕಳಿಗೆ ಅವಳು ಬ್ರೇಕ್ ಹಾಕಿದ್ದು ಗೊತ್ತಾಗುತ್ತಲೇ ಇರಲಿಲ್ಲ. ಕಿಟಕಿಯಾಚೆಯ ಮರ ನಿಂತದ್ದು ಕಂಡಾಗಲೇ ಬಸ್ಸು ನಿಂತಿದೆ ಅನ್ನುವುದು ತಿಳಿಯುತ್ತಿತ್ತು.

ಅವಳಿಗೆ ಐವತ್ತೊಂದಾದಾಗ ಶಾಲೆಯವರು ಬಸ್ಸುಗಳನ್ನೆಲ್ಲ ಒಂದು ಕಂಪನಿಗೆ ಗುತ್ತಿಗೆ ಕೊಟ್ಟರು. ಬಸ್ಸಕ್ಕ ಎರಡು ದಿನ ಮನೆಯಲ್ಲಿ ಕೂತಳು. ಮೂರನೆಯ ದಿನ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದ್ದನ್ನು ಕಂಡು ಗಂಡ, “ನೋಡು, ನೀನು ಮನೇಲಿದ್ರೆ ನಮ್ಮಿಬ್ಬರಿಗೂ ಕಷ್ಟ. ಏನಾದ್ರೂ ಓಡಿಸು,” ಅಂದರು. ಆ ವಾರವೇ ಅವಳು ಹಳೆಯದೊಂದು ಪಿಕಪ್ ಕೊಂಡಳು. ಅದರ ಹಿಂದೆ ಕಟ್ಟಲು ಒಂದು ತೆರೆದ ಟ್ರೇಲರ್ ಬಂತು. ಕೆಟ್ಟು ನಿಂತ ಕಾರುಗಳನ್ನು ಹೇರಿಕೊಂಡು ಗ್ಯಾರೇಜಿಗೆ ಮುಟ್ಟಿಸುವ ಕೆಲಸ. ಐದು ವರ್ಷ ಹಾಗೇ ನಡೆಯಿತು.

ಹೀಗಿರುವಾಗ ಒಂದು ದಿನ ಹಲ್ಲಿನ ಡಾಕ್ಟರು ಬಂದ. ಚಿಕ್ಕಂದಿನಲ್ಲಿ ಅವಳ ಬಸ್ಸಿನಲ್ಲೇ ಶಾಲೆಗೆ ಹೋದವನು. ಈಗ ತಲೆಯ ಮುಂಭಾಗದ ಕೂದಲು ಉದುರಿ, ಊರಿನ ಅರ್ಧ ಬಾಯಿಗಳ ಗುಟ್ಟು ಬಲ್ಲವನಾಗಿದ್ದ. ಹನ್ನೊಂದು ವರ್ಷದಿಂದ ಕ್ಲಿನಿಕ್ಕಿನ ಹಿಂದಿನ ಶೆಡ್ಡಿನಲ್ಲಿ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಬಿಚ್ಚಿ, ತಿಕ್ಕಿ, ಮತ್ತೆ ಕೂಡಿಸುತ್ತಿದ್ದಾನೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಆ ಕಾರು ಈಗ ಮುಗಿದಿತ್ತು.

“ಅಕ್ಕಾ, ಮುಂದಿನ ತಿಂಗಳು ಹಳೇ ಕಾರುಗಳ ಪ್ರದರ್ಶನ ಇದೆ. ಐನೂರು ಕಿಲೋಮೀಟರ್ ದೂರ. ನನ್ನ ಕಾರು ಸಾಗಿಸಬೇಕು. ಆದ್ರೆ ನಿಮ್ಮ ಈ ಟ್ರೇಲರ್ ಮೇಲೆ ಬೇಡ.”

“ಯಾಕಪ್ಪ, ನನ್ನ ಟ್ರೇಲರಿಗೆ ಏನಾಗಿದೆ?”

“ಏನೂ ಆಗಿಲ್ಲ. ಸೂರಿಲ್ಲ, ಗೋಡೆ ಇಲ್ಲ, ಅಷ್ಟೇ. ಮುಂದಿನ ಲಾರಿಯಿಂದ ಒಂದು ಕಲ್ಲು ಸಿಡಿದ್ರೆ ನನ್ನ ಹನ್ನೊಂದು ವರ್ಷ ಹೋಯ್ತು.”

“ಸೂರು ಗೋಡೆ ಇರೋ ಟ್ರೇಲರಿನವರು ದೊಡ್ಡೂರಲ್ಲಿ ಬೇಕಾದಷ್ಟು ಜನ ಇದ್ದಾರಲ್ಲ?”

“ಇದ್ದಾರೆ. ಆದ್ರೆ ಅವರು ಯಾರೂ ನನ್ನನ್ನ ಏಳು ವರ್ಷ ಬಸ್ಸಲ್ಲಿ ಕರ್ಕೊಂಡು ಹೋಗಿಲ್ಲ,” ಅಂದ ಡಾಕ್ಟರು. “ಬೇರೆ ಯಾವ ಗಾಡೀಲಿ ಕೂತರೂ ನಂಗೆ ವಾಂತಿ ಬರ್ತಿತ್ತು. ನಿಮ್ಮ ಬಸ್ಸಲ್ಲಿ ಒಂದು ದಿನಾನೂ ಬರಲಿಲ್ಲ.”

ಇಂಥ ಹೊಗಳಿಕೆ ಬಸ್ಸಕ್ಕನಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಸಂಜೆ ಗಂಡನಿಗೆ ವಿಷಯ ಹೇಳಿದಳು. ತೆರೆದ ಟ್ರೇಲರನ್ನು ಮಾರಿ, ಬ್ಯಾಂಕಿನಲ್ಲಿ ಇಟ್ಟಿದ್ದನ್ನು ಸೇರಿಸಿದರೆ ಮುಚ್ಚಿದ ಟ್ರೇಲರ್ ಒಂದನ್ನು ಕೊಳ್ಳಬಹುದು. ಗಂಡ, “ಕಾರು ಎಷ್ಟು ಅಗಲ?” ಅಂದರು. ಅದೇ ಒಪ್ಪಿಗೆ.

ಮಾರನೆಯ ದಿನ ಮಧ್ಯಾಹ್ನ ಇಬ್ಬರೂ ಡಾಕ್ಟರ ಶೆಡ್ಡಿಗೆ ಹೋದರು. ಹಳದಿ ಬಣ್ಣದ ಕಾರು, ಬಸ್ಸಕ್ಕನ ಸೊಂಟದವರೆಗೂ ಬರದಷ್ಟು ಗಿಡ್ಡ. ಹೊಟ್ಟೆ ನೆಲಕ್ಕೆ ತಾಗಿತೋ ಇಲ್ಲವೋ ಅನ್ನುವ ಹಾಗೆ ನಿಂತಿತ್ತು. ಅವಳು ಬಗ್ಗಿ ಮೂತಿಯ ಕೆಳಗೆ ಕೈ ತೂರಿಸಿದಳು. ಮುಷ್ಟಿ ಹೋಯಿತು, ಮುಷ್ಟಿಯ ಮೇಲೆ ಹೆಬ್ಬೆರಳು ಎತ್ತಿದರೆ ತಗಲಿತು. ಗಂಡ ಕೋಟು ಕಳಚಿಟ್ಟು ಅಳತೆಗೆ ಕೂತರು. ಉದ್ದ, ಅಗಲ, ಚಕ್ರದಿಂದ ಚಕ್ರಕ್ಕೆ ಎಷ್ಟು, ಬಾಗಿಲು ಪೂರ್ತಿ ತೆರೆದರೆ ಎಲ್ಲಿಗೆ ಬರುತ್ತದೆ, ಅರ್ಧ ತೆರೆದರೆ ಎಲ್ಲಿಗೆ, ಎಲ್ಲವನ್ನೂ ಬರೆದುಕೊಂಡರು. ಮನೆಗೆ ಬಂದು ಹಳೆಯ ದಿನಪತ್ರಿಕೆಗಳನ್ನು ಅಂಟಿಸಿ, ನಡುಮನೆಯಲ್ಲಿದ್ದ ಕುರ್ಚಿ ಮೇಜನ್ನೆಲ್ಲ ಹೊರಗಿಟ್ಟು, ಆ ಕಾರಿನಷ್ಟೇ ದೊಡ್ಡ ನಕ್ಷೆಯೊಂದನ್ನು ಕತ್ತರಿಸಿದರು. ಬಾಗಿಲು ತೆರೆದಾಗಿನ ಗೆರೆ ಕೆಂಪು ಪೆನ್ಸಿಲ್ಲಿನಲ್ಲಿ. ದರ್ಜಿ ಅಂಗಿಗೆ ಮಾಡುವ ಹಾಗೆ ಅವರು ಕಾರಿಗೆ ಮಾಡಿದ್ದರು.

“ಕಾರನ್ನ ಯಾರ್ಡಿಗೆ ತಗೊಂಡು ಹೋಗೋಕಾಗಲ್ಲ. ಇದನ್ನ ಸುತ್ತಿ ಕಂಕುಳಲ್ಲಿ ಇಟ್ಕೊಬಹುದು,” ಅಂದರು.

ಟ್ರೇಲರ್ ಮಾರುವ ಯಾರ್ಡು ಊರ ಹೊರಗೆ, ಜಲ್ಲಿ ಹಾಸಿದ ದೊಡ್ಡ ಬಯಲು. ಯಾರ್ಡಿನ ಯಜಮಾನ ದಪ್ಪನೆಯ, ನಗುಮುಖದ ಮನುಷ್ಯ. ಬಂದವರನ್ನು ನೋಡಿದವನೇ ಎಲ್ಲಕ್ಕಿಂತ ಉದ್ದದ, ಬೆಳ್ಳಗೆ ಫಳಫಳ ಹೊಳೆಯುವ ಟ್ರೇಲರಿನ ಮುಂದೆ ನಿಲ್ಲಿಸಿದ.

“ಇದಕ್ಕಿಂತ ಒಳ್ಳೇದು ಇಡೀ ಯಾರ್ಡಲ್ಲಿ ಇಲ್ಲಮ್ಮ. ಹೊಸ ಪೇಂಟು, ಒಳಗೆ ಲೈಟು, ಗೋಡೆಗೆ ಕಪಾಟು. ಯಜಮಾನ್ರೇ, ನೀವು ಹೇಳಿ.”

“ಓಡಿಸೋದು ಅವಳು,” ಅಂದರು ವಾಚಿನವರು.

ಬಸ್ಸಕ್ಕ ಚಪ್ಪಲಿ ಬಿಟ್ಟು ಒಳಗೆ ಹೋದಳು. “ಬಾಗಿಲು ಹಾಕಿ,” ಅಂದಳು.

“ಒಳಗೇ ಇದ್ದೀರಲ್ಲಮ್ಮ?”

“ಅದಕ್ಕೇ ಹಾಕಿ ಅಂದಿದ್ದು.”

ಬಾಗಿಲು ಮುಚ್ಚಿತು. ಒಳಗೆ ಗವ್ವೆನ್ನುವ ಕತ್ತಲು. ಅವಳು ನಡುವೆ ನಿಂತು ಕಣ್ಣು ಹೊಂದಿಕೊಳ್ಳುವವರೆಗೆ ಕಾದಳು. ಮೆಲ್ಲಗೆ ಒಂದೊಂದೇ ಕಾಣತೊಡಗಿತು: ಚಾವಣಿಯ ಮೂಲೆಯಲ್ಲಿ ದಾರದಷ್ಟು ಬೆಳಕು, ಬಾಗಿಲಿನ ಕೆಳಗೆ ಅಷ್ಟುದ್ದಕ್ಕೂ ಬೆಳಕು, ಎಡಗೋಡೆಯಲ್ಲಿ ಮೊಳೆ ಕಿತ್ತ ತೂತು. ಬೆಳಕು ಬರುವಲ್ಲಿ ನೀರು ಬರುತ್ತದೆ, ಧೂಳು ಕೇಳಲೇಬೇಡಿ. ಹೊರಗೆ ಬಂದು ಅದನ್ನು ಹೇಳಿದಾಗ ಯಜಮಾನ, ರಬ್ಬರ್ ಪಟ್ಟಿ ಹಾಕಿಸಿದರೆ ಸರಿಹೋಗುತ್ತದೆ ಅಂದ. ಆಗ ಅವಳ ಗಂಡ ಕಂಕುಳಲ್ಲಿದ್ದ ಸುರುಳಿಯನ್ನು ಟ್ರೇಲರಿನ ನೆಲದ ಮೇಲೆ ಬಿಚ್ಚಿ ಹಾಸಿದರು.

ಟ್ರೇಲರಿನ ಚಕ್ರಗಳ ಮೇಲೆ ಎರಡೂ ಬದಿಗೆ ಒಳಗಡೆ ಪೆಟ್ಟಿಗೆಯ ಹಾಗೆ ಉಬ್ಬಿಕೊಂಡಿತ್ತು. ಪೇಪರಿನ ಕಾರು ಆ ಎರಡು ಪೆಟ್ಟಿಗೆಗಳ ನಡುವೆ ಚೆನ್ನಾಗಿಯೇ ಕೂತಿತು. ಆದರೆ ಬಾಗಿಲಿನ ಕೆಂಪು ಗೆರೆ ಪೆಟ್ಟಿಗೆಯ ಮೇಲೆ ಹತ್ತಿ ನಿಂತಿತು.

“ಕಾರು ಒಳಗೆ ಹೋಗುತ್ತೆ,” ಅಂದರು ವಾಚಿನವರು. “ಓಡಿಸಿಕೊಂಡು ಹೋದವರು ಹೊರಗೆ ಬರಲ್ಲ.”

ಯಜಮಾನ ನಕ್ಕ. “ಅಯ್ಯೋ ಸರ್, ಪೇಪರ್ ನಂಬ್ತೀರಾ? ನಾನು ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ. ಬಾಗಿಲು ಸ್ವಲ್ಪ ತೆಗೆದ್ರೆ ಸಾಕು, ಸರಕ್ಕಂತ ಹೊರಗೆ ಬರಬಹುದು. ನೋಡಿ, ನನ್ನ ಕಾರೂ ಗಿಡ್ಡವೇ.”

ಅವನು ತನ್ನ ಕಾರನ್ನು ತಂದು, ಹಲಗೆ ಹತ್ತಿಸಿ, ಟ್ರೇಲರಿನ ಒಳಗೆ ನುಗ್ಗಿಸಿಯೇ ಬಿಟ್ಟ. ಬಾಗಿಲು ತೆಗೆದ. ಅದು ಪೆಟ್ಟಿಗೆಗೆ ಟಕ್ಕೆಂದು ತಾಗಿ ನಿಂತಿತು. ಸಂದಿಯಿಂದ ಒಂದು ಕಾಲು ಬಂತು, ಒಂದು ತೋಳು ಬಂತು, ಆಮೇಲೆ ಏನೂ ಬರಲಿಲ್ಲ. ಕಾಲು ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ತಲೆ ಬಂತು, ಹೆಗಲು ಬಂತು, ಹೊಟ್ಟೆಯ ಹತ್ತಿರ ಎಲ್ಲವೂ ನಿಂತಿತು.

“ಹಿಂದಕ್ಕೆ ತಗೊಂಡು ಬನ್ನಿ ಸರ್, ಕಾರಲ್ಲೇ ಕೂತು,” ಅಂದಳು ಬಸ್ಸಕ್ಕ. ನಗು ತಡೆದು ತಡೆದು ಅವಳ ಪಕ್ಕೆ ನೋಯುತ್ತಿತ್ತು.

ಕಾರು ಹೊರಬಂದ ಮೇಲೆ ಯಜಮಾನನೇ ಮೊದಲು ನಕ್ಕಿದ್ದು. ಆಮೇಲೆ ಅವನು ಬೇರೆಯೇ ಮನುಷ್ಯನಾದ. ಹೊಗಳುವುದನ್ನು ಬಿಟ್ಟು, ಇಬ್ಬರನ್ನೂ ಯಾರ್ಡಿನ ಹಿಂದಕ್ಕೆ ಕರೆದುಕೊಂಡು ಹೋದ. ಅಲ್ಲಿ ಬೂದು ಬಣ್ಣದ, ನೋಡಲು ಗೋದಾಮಿನ ಹಾಗಿದ್ದ ಟ್ರೇಲರ್ ನಿಂತಿತ್ತು. ನಾಲ್ಕು ಚಕ್ರ, ಎರಡು ಆಕ್ಸಲ್. ಬಲಗೋಡೆಯಲ್ಲಿ, ಸರಿಯಾಗಿ ಕಾರಿನ ಡ್ರೈವರ್ ಬಾಗಿಲು ಬರುವಲ್ಲಿ, ಮೇಲಕ್ಕೆ ಎತ್ತುವ ದೊಡ್ಡ ಬಾಗಿಲಿತ್ತು. ಆ ಬಾಗಿಲೆತ್ತಿ ಚಕ್ರದ ಮೇಲಿನ ಪೆಟ್ಟಿಗೆಯನ್ನೂ ಕಳಚಿಡಬಹುದಿತ್ತು. ಎಡಗೋಡೆಯಲ್ಲಿ ಆಳು ಹೋಗುವಷ್ಟು ಚಿಕ್ಕ ಬಾಗಿಲು ಬೇರೆ. ಬಸ್ಸಕ್ಕ ಮತ್ತೆ ಒಳಗೆ ಹೋಗಿ ಬಾಗಿಲು ಹಾಕಿಸಿಕೊಂಡಳು. ಕತ್ತಲು ಕತ್ತಲಾಗಿಯೇ ಇತ್ತು. ಪೇಪರು ಹಾಸಿದರು, ಕೆಂಪು ಗೆರೆ ಯಾವುದಕ್ಕೂ ತಗಲಲಿಲ್ಲ. ಕೊನೆಗೆ ಅವಳು ಟಾರ್ಚು ಹಿಡಿದು ಟ್ರೇಲರಿನ ಅಡಿಗೆ ಅಂಗಾತ ತೂರಿದಳು. ಕಾರು ಕಟ್ಟಲು ನೆಲದಲ್ಲಿ ಕೂರಿಸಿದ್ದ ಕಬ್ಬಿಣದ ಬಳೆಗಳು ಬರೀ ಹಲಗೆಗೆ ಸಿಕ್ಕಿಸಿದ್ದೋ, ಕೆಳಗಿನ ಕಬ್ಬಿಣದ ಚೌಕಟ್ಟಿಗೆ ಬಿಗಿದದ್ದೋ ನೋಡಬೇಕಿತ್ತು. ಚೌಕಟ್ಟಿಗೇ ಬಿಗಿದಿದ್ದರು. ಬೆನ್ನಿಗೆಲ್ಲ ಜಲ್ಲಿ ಧೂಳು ಮೆತ್ತಿಕೊಂಡು ಎದ್ದು ಬಂದವಳು, “ಇದು ನಂದು,” ಅಂದಳು.

ಒಂದೇ ಕೊರತೆ. ಹಿಂದಿನ ಬಾಗಿಲನ್ನು ಕೆಳಗಿಳಿಸಿದರೆ ಅದೇ ಹತ್ತುವ ಹಲಗೆಯಾಗುತ್ತಿತ್ತು. ಆದರೆ ಆ ಹಳದಿ ಕಾರಿನ ಹೊಟ್ಟೆಗೆ ಆ ಏರು ತೀರಾ ಕಡಿದು. ಬಸ್ಸಕ್ಕನ ತಮ್ಮ ವೆಲ್ಡಿಂಗ್ ಕೆಲಸದವನು. ಅಕ್ಕ ಹೇಳಿದ ಯಾವುದಕ್ಕೂ ಮೊದಲು ಆಗಲ್ಲ ಅಂದು ಆಮೇಲೆ ಮಾಡಿಕೊಡುವುದು ಅವನ ಅಭ್ಯಾಸ. ಈ ಸಲವೂ ಆಗಲ್ಲ ಅಂದ, ನಾಲ್ಕು ದಿನದಲ್ಲಿ ಒಂದಾಳುದ್ದದ ಎರಡು ಅಲ್ಯೂಮಿನಿಯಂ ಹಲಗೆಗಳನ್ನು ಮಾಡಿ ತಂದಿಟ್ಟ. ಬಾಗಿಲಿನ ಮುಂದೆ ಅವನ್ನು ಜೋಡಿಸಿದರೆ ಏರು ಸೌಮ್ಯವಾಯಿತು. ಆಮೇಲೆ ಎರಡು ವಾರ ಬಸ್ಸಕ್ಕ ಮನೆಯ ಸ್ವಂತ ಕಾರನ್ನು ಹತ್ತಿಸುವುದು, ಕಟ್ಟುವುದು, ಊರ ಸುತ್ತ ಒಂದು ಸುತ್ತು ಹೋಗುವುದು, ಬಿಚ್ಚುವುದು, ಇಳಿಸುವುದು ಇದನ್ನೇ ಮಾಡಿದಳು. ಎಲ್ಲ ನೀರು ಕುಡಿದ ಹಾಗೆ ನಡೆಯಿತು.

ಹೊರಡುವ ದಿನ ಬೆಳಿಗ್ಗೆ ಡಾಕ್ಟರ ಶೆಡ್ಡಿನ ಮುಂದೆ ಟ್ರೇಲರ್ ನಿಂತಿತು. ಡಾಕ್ಟರು ಕಾರಿನೊಳಗೆ ಕೂತು ಸ್ಟೇರಿಂಗ್ ಹಿಡಿದಿದ್ದ. ಏರಿನಲ್ಲಿ ಒಮ್ಮೆ ಜರ್ಕು ಹೊಡೆದರೂ ಹೊಟ್ಟೆ ಉಜ್ಜೀತೆಂದು ಇಂಜಿನ್ ಶುರು ಮಾಡುವ ಹಾಗಿಲ್ಲ. ಟ್ರೇಲರಿನ ಮುಂಗೋಡೆಗೆ ಬಿಗಿದ ವಿಂಚು ಹಗ್ಗ ಸುತ್ತುತ್ತ ಕಾರನ್ನು ಅಂಗುಲ ಅಂಗುಲವಾಗಿ ಒಳಗೆ ಎಳೆಯುತ್ತಿತ್ತು. ವಿಂಚಿನ ಗುಂಡಿ ಬಸ್ಸಕ್ಕನ ಕೈಯಲ್ಲಿ. ಅವಳ ಗಂಡ ನೆಲದ ಮೇಲೆ ಕೆನ್ನೆಯಿಟ್ಟು ಕಾರಿನ ಹೊಟ್ಟೆಯನ್ನೇ ನೋಡುತ್ತಿದ್ದರು.

“ಇದೆ... ಇದೆ... ಒಂದು ಬೆರಳು ಇದೆ... ಬರಲಿ.”

“ಅಕ್ಕಾ, ನನ್ನ ಕೈ ನಡುಗ್ತಿದೆ,” ಅಂದ ಡಾಕ್ಟರು.

“ದಿನಾ ಜನರ ಬಾಯಿಗೆ ಡ್ರಿಲ್ ಹಾಕೋ ಕೈ ಅದು. ಸುಮ್ನೆ ನೇರ ಹಿಡಿ.”

ಕಾರು ಒಳಗೆ ಕೂತಿತು. ಬಸ್ಸಕ್ಕ ಪಟ್ಟಿಗಳನ್ನು ಕಾರಿನ ಮೈಗೆ ತಾಗಿಸದೆ ನಾಲ್ಕು ಚಕ್ರಗಳಿಗೆ ಸುತ್ತಿ, ನೆಲದ ಬಳೆಗಳಿಗೆ ಬಿಗಿದಳು. ಡಾಕ್ಟರು ಬಲಗೋಡೆಯ ಬಾಗಿಲಿನಿಂದ ರಾಜನ ಹಾಗೆ ಇಳಿದು ಬಂದ. ಮೂವರೂ ಪಿಕಪ್ ಹತ್ತಿದರು, ಡಾಕ್ಟರು ಹಿಂದಿನ ಸೀಟಿಗೆ.

ಊರಿನ ಒಳಗೆ ಏನೂ ತೊಂದರೆಯಾಗಲಿಲ್ಲ. ಹೆದ್ದಾರಿಗೆ ಬಂದು ವೇಗ ಅರವತ್ತು ದಾಟುತ್ತಿದ್ದ ಹಾಗೆ ಬಸ್ಸಕ್ಕನ ಅಂಗೈಗೆ ಸ್ಟೇರಿಂಗಿನಲ್ಲಿ ಏನೋ ಬೇರೆ ತಿಳಿಯಿತು. ಕನ್ನಡಿ ನೋಡಿದಳು. ಟ್ರೇಲರ್ ಎಡಕ್ಕೆ ವಾಲಿ, ಬಲಕ್ಕೆ ವಾಲಿ, ನಾಯಿ ಬಾಲ ಆಡಿಸುವ ಹಾಗೆ ಆಡತೊಡಗಿತ್ತು. ಪಕ್ಕದಲ್ಲಿ ಬಸ್ಸೊಂದು ಭರ್ರೆಂದು ಹೋದಾಗ ಬಾಲದ ಆಟ ಇನ್ನೂ ಜೋರಾಯಿತು. ಬ್ರೇಕ್ ಒತ್ತಿದರೆ ಆಟ ಇನ್ನೂ ಕೆಡುತ್ತದೆಂದು ಬಲ್ಲ ಅವಳ ಕಾಲು ಅತ್ತ ಹೋಗಲಿಲ್ಲ. ಆಕ್ಸಿಲರೇಟರಿನಿಂದ ಪಾದ ತೆಗೆದು, ಸ್ಟೇರಿಂಗನ್ನು ಅಲ್ಲಾಡಿಸದೆ ಗಟ್ಟಿಯಾಗಿ ಹಿಡಿದಳು. ಐವತ್ತು. ನಲವತ್ತು. ಬಾಲ ಆಡುವುದು ನಿಂತಿತು. ಮುಂದಿನ ಪೆಟ್ರೋಲ್ ಬಂಕಿನೊಳಗೆ ತಿರುಗಿಸಿ ನಿಲ್ಲಿಸಿದಳು.

ಬಸ್ಸಕ್ಕ ಇಳಿದು ಹಿಂದಕ್ಕೆ ಹೋಗಿ ಪಿಕಪ್ಪಿಗೂ ಟ್ರೇಲರಿಗೂ ನಡುವಿನ ಕೊಂಡಿಯ ಹತ್ತಿರ ಕೂತಳು. ಮನೆಯ ಕಾರು ಹೇರಿದಾಗ ಪಿಕಪ್ಪಿನ ಬೆನ್ನು ನಾಲ್ಕು ಬೆರಳು ತಗ್ಗುತ್ತಿತ್ತು. ಈಗ ಏನೂ ಹೇರದ ಹಾಗೆ ಎತ್ತಿ ನಿಂತಿತ್ತು. ಅಂದರೆ ಭಾರವೆಲ್ಲ ಹಿಂದೆ, ಅದಕ್ಕೇ ಬಾಲ ಆಡಿದ್ದು.

“ಈ ಕಾರಿನ ಇಂಜಿನ್ ಎಲ್ಲಿದೆ?”

“ಸೀಟಿನ ಹಿಂದೆ,” ಅಂದ ಡಾಕ್ಟರು. “ಯಾಕಕ್ಕ?”

ಬಸ್ಸಕ್ಕ ಹಣೆ ಚಚ್ಚಿಕೊಂಡಳು. ಅವಳು ಅಭ್ಯಾಸ ಮಾಡಿದ ಕಾರಿಗೆ ಇಂಜಿನ್ ಮುಂದಿತ್ತು. ಮೂತಿ ಮುಂದೆ ಮಾಡಿ ಹತ್ತಿಸಿದರೆ ಭಾರ ತಾನಾಗಿ ಮುಂದೆ ಬರುತ್ತಿತ್ತು. ಇದಕ್ಕೆ ತದ್ವಿರುದ್ಧ. ಒಂದು ತಿಂಗಳು ಅಗಲ ಅಳೆದರು, ಎತ್ತರ ಅಳೆದರು, ಬಾಗಿಲು ಅಳೆದರು; ಭಾರ ಯಾವ ಕಡೆ ಇದೆ ಅನ್ನುವುದನ್ನು ಮೂವರಲ್ಲಿ ಒಬ್ಬರೂ ಯೋಚಿಸಿರಲಿಲ್ಲ.

“ತಪ್ಪು ನಂದು ಕಣಪ್ಪ,” ಅಂದಳು. “ನೀನು ಬೇಡ ಅಂದ್ರೆ ಇಲ್ಲಿಂದಲೇ ವಾಪಸ್ ಬಿಡ್ತೀನಿ. ಬೇಕು ಅಂದ್ರೆ ಇಳಿಸಿ, ತಿರುಗಿಸಿ, ಬೆನ್ನು ಮುಂದೆ ಮಾಡಿ ಹತ್ತಿಸೋಣ.”

ಡಾಕ್ಟರು ಬಾಯಿ ತೆರೆಯುವ ಮೊದಲೇ ಅವಳ ಗಂಡ ಹಲಗೆಗಳನ್ನು ಹೊರಗೆ ಎಳೆಯತೊಡಗಿದ್ದರು. ಡಾಕ್ಟರು ಅದನ್ನು ನೋಡಿ, ಅಂಗಿಯ ತೋಳು ಮಡಿಸಿದ.

ಪೆಟ್ರೋಲ್ ಬಂಕಿನಲ್ಲಿದ್ದವರೆಲ್ಲ ಸುತ್ತ ನೆರೆದರು. ಹಳದಿ ಕಾರು ಹೊರಬಂದಾಗ ಯಾರೋ ಶಿಳ್ಳೆ ಹಾಕಿದರು. ಅದನ್ನು ತಿರುಗಿಸಿ ನಿಲ್ಲಿಸಿ, ವಿಂಚಿನ ಕೊಕ್ಕೆಯನ್ನು ಹಿಂದಿನ ಬಳೆಗೆ ಸಿಕ್ಕಿಸಿ, ಮತ್ತೆ ಅಂಗುಲ ಅಂಗುಲ ಎಳೆದರು. ಈ ಸಲ ಬಸ್ಸಕ್ಕ ಕಾರನ್ನು ಒಳಗೆ ಬಿಟ್ಟದ್ದೇ ಕಟ್ಟಲಿಲ್ಲ. ಒಂದು ಗೇಣು ಮುಂದೆ ಎಳೆದು ಪಿಕಪ್ಪಿನ ಬೆನ್ನು ನೋಡಿದಳು, ಅರ್ಧ ಗೇಣು ಹಿಂದೆ ಬಿಟ್ಟು ಮತ್ತೆ ನೋಡಿದಳು. ಮನೆಯ ಕಾರು ಹೇರಿದಾಗ ಎಷ್ಟು ತಗ್ಗುತ್ತಿತ್ತೋ ಅಷ್ಟಕ್ಕೆ ಬಂದಾಗ, “ಹಾಂ, ಇಲ್ಲೇ,” ಅಂದು ಪಟ್ಟಿ ಬಿಗಿದಳು. ಡ್ರೈವರ್ ಬಾಗಿಲು ಈಗ ಎಡಗೋಡೆಯ ಪೆಟ್ಟಿಗೆಯ ಕಡೆ ಬಂದಿದ್ದರಿಂದ ಡಾಕ್ಟರು ಪಕ್ಕದ ಸೀಟಿಗೆ ಜರುಗಿ ದೊಡ್ಡ ಬಾಗಿಲಿನಿಂದ ಇಳಿದ. ಗಂಡ ಸೀಮೆಸುಣ್ಣದಲ್ಲಿ ಚಕ್ರ ನಿಂತ ಜಾಗಕ್ಕೆ ಗುರುತು ಹಾಕಿದರು.

ಮತ್ತೆ ಹೆದ್ದಾರಿ. ಅರವತ್ತು, ಎಪ್ಪತ್ತು. ಮೂವರ ಕಣ್ಣೂ ಕನ್ನಡಿಯ ಮೇಲೆ. ಟ್ರೇಲರ್ ಹಿಂದೆ ಇದೆಯೋ ಇಲ್ಲವೋ ಅನ್ನುವ ಹಾಗೆ ತೆಪ್ಪಗೆ ಬರುತ್ತಿತ್ತು. ಲಾರಿಗಳು ಹಾದುಹೋದವು, ಬಯಲಿನಲ್ಲಿ ಅಡ್ಡಗಾಳಿ ಬೀಸಿತು, ಅಲ್ಲಾಡಲಿಲ್ಲ. ಒಂದು ಗಂಟೆಯಾದ ಮೇಲೆ ನಿಲ್ಲಿಸಿ, ಸಡಿಲವಾಗಿದ್ದ ಒಂದು ಪಟ್ಟಿಯನ್ನು ಮತ್ತೆ ಬಿಗಿದಳು. ದಾರಿಯ ನಡುವೆ ಇಪ್ಪತ್ತು ಕಿಲೋಮೀಟರ್ ರಸ್ತೆ ರಿಪೇರಿ. ಮುಂದಿನ ಗಾಡಿ ಕಾಣದಷ್ಟು ಕೆಂಧೂಳು, ಟ್ರೇಲರಿನ ಗೋಡೆಗೆ ಕಲ್ಲು ಬಡಿಯುವ ಸದ್ದು ಟಣ್ ಟಣ್. ಒಂದೊಂದು ಟಣ್ಣಿಗೂ ಡಾಕ್ಟರು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಆಮೇಲೆ ಮುಚ್ಚಿದ ಕಣ್ಣು ತೆರೆಯಲೇ ಇಲ್ಲ, ಗೊರಕೆ ಕೇಳಿಸಿತು.

“ಇನ್ನೂ ವಾಂತಿ ಬಂದಿಲ್ಲ,” ಅಂದರು ವಾಚಿನವರು. ಬಸ್ಸಕ್ಕ ಕಿಸಕ್ಕೆಂದಳು.

ಸಂಜೆ ಪ್ರದರ್ಶನದ ಮೈದಾನಕ್ಕೆ ಮುಟ್ಟಿದಾಗ ಬೂದು ಟ್ರೇಲರ್ ಕೆಂಪಾಗಿತ್ತು. ಬಾಗಿಲು ಇಳಿಸಿದರು. ಡಾಕ್ಟರು ಜೇಬಿನಿಂದ ಬಿಳಿ ಬಟ್ಟೆಯೊಂದನ್ನು ತೆಗೆದು ಕಾರಿನ ಮೂತಿಯಿಂದ ಹಿಂಬದಿಯವರೆಗೆ ಮೆಲ್ಲಗೆ ಒರೆಸಿಕೊಂಡು ಹೋದ. ಬಟ್ಟೆ ಮಗುಚಿ ನೋಡಿದ. ಬಿಳಿಯಾಗಿಯೇ ಇತ್ತು. ಬಂದು ಬಸ್ಸಕ್ಕನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

“ಸಾಕು ಬಿಡಪ್ಪ, ಇಳಿಸೋದು ಇನ್ನೂ ಬಾಕಿ ಇದೆ,” ಅಂದಳು. ಕಣ್ಣಿನ ಅಂಚು ಒದ್ದೆಯಾದದ್ದನ್ನು ಧೂಳಿನ ತಲೆಗೆ ಕಟ್ಟಿದಳು.

ಮರುದಿನ ಡಾಕ್ಟರು ಕಾರಿನ ಪಕ್ಕ ನಿಂತು ಬಂದವರಿಗೆಲ್ಲ ಕತೆ ಹೇಳುತ್ತಿದ್ದ. ಗಂಡ ಹೆಂಡತಿಗೆ ಮಾಡಲು ಕೆಲಸವಿರಲಿಲ್ಲ. ಖಾಲಿ ಟ್ರೇಲರಿನ ಬಾಗಿಲುಗಳನ್ನೆಲ್ಲ ತೆರೆದಿಟ್ಟರು. ಒಳಗೆ ತಂಪಾದ ಗಾಳಿ ಆಡುತ್ತಿತ್ತು. ಎರಡು ಮಡಿಸುವ ಕುರ್ಚಿ ಹಾಕಿ, ಸಣ್ಣ ಸ್ಟೋವಿನ ಮೇಲೆ ಚಹಾಕ್ಕೆ ಇಟ್ಟರು. ಮದುವೆಯಾಗಿ ಮೂವತ್ತು ವರ್ಷದಲ್ಲಿ ವಾರದ ನಡುವೆ ಒಂದು ಹಗಲು ಹೀಗೆ ಎದುರುಬದುರು ಕೂತದ್ದು ಇದೇ ಮೊದಲು ಅನ್ನುವುದು ಬಸ್ಸಕ್ಕನಿಗೆ ಹೊಳೆಯಿತು. ಲೋಟ ಮುಂದೆ ಚಾಚಿದಳು, ಅವರು ತುಂಬಿಸಿದರು.

ಅಷ್ಟರಲ್ಲಿ ಟೋಪಿ ಹಾಕಿದ ಮುದುಕಿಯೊಬ್ಬರು ಹಲಗೆ ಹತ್ತಿ ಬಂದು, “ಎರಡು ಟೀ ಕೊಡಿ, ಸಕ್ಕರೆ ಕಮ್ಮಿ,” ಅಂದರು.

“ಇದು ಅಂಗಡಿ ಅಲ್ಲಮ್ಮ,” ಅಂದಳು ಬಸ್ಸಕ್ಕ. “ಆದ್ರೂ ಕೂತ್ಕೊಳ್ಳಿ. ಸಕ್ಕರೆ ಹಾಕೇ ಇಲ್ಲ.”

ಆ ಮುದುಕಿ ಕೂತು ಚಹಾ ಕುಡಿದರು. ಗೋಡೆ ತಟ್ಟಿ ನೋಡಿದರು, ನೆಲದ ಬಳೆಗಳನ್ನು ಬಗ್ಗಿ ಅಲ್ಲಾಡಿಸಿ ನೋಡಿದರು. ತಮ್ಮ ಮನೆಯಲ್ಲೂ ಒಂದು ಹಳೆಯ ಕಾರಿದೆ, ಹಸಿರು ಬಣ್ಣದ್ದು, ಮುಂದಿನ ವರ್ಷ ಇಲ್ಲಿಗೆ ತರಬೇಕೆಂದಿದೆ, ಯಾರನ್ನು ನಂಬುವುದೋ ತಿಳಿಯುತ್ತಿಲ್ಲ ಅಂದರು.

ಬಸ್ಸಕ್ಕ ಲೋಟ ಕೆಳಗಿಟ್ಟಳು. “ತರೋಣಂತೆ. ಮೊದಲು ಒಂದು ವಿಷಯ ಹೇಳಿ, ಇಂಜಿನ್ ಮುಂದಿದೆಯೋ ಹಿಂದಿದೆಯೋ?”